ಕನಸಿನ ಊರು ಸರಿ, ಅಲ್ಲಿನ ಜನ ಹೇಗಂತೆ? ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಸವನಗುಡಿ, ಜಯನಗರದ ಕಡೆ ಯಾರಾದರೂ ಫಾರಿನ್ ಟೂರ್ ಹೊರಟರೆ ಮೊದಲ ಪ್ರಶ್ನೆ, ಊಟಕ್ಕೇನು ಮಾಡ್ತೀರಿ? ಎರಡನೆಯದು, ಅಲ್ಲಿನ ಜನ ಹೇಗಂತೆ? ಎರಡನೆಯದಕ್ಕೆ ಉತ್ತರ ಎಲ್ಲರ ಹತ್ತಿರವೂ ರೆಡಿ ಇರುತ್ತದೆ. ಪ್ಯಾರಿಸ್‌ನವರು ಸಿಡುಕರು, ಜಪಾನಿನವರು ದೇವರಂಥವರು, ಥಾಯ್ಲೆಂಡಿನವರು ನಗ್ತಾನೇ ಇರ್ತಾರೆ, ಈಜಿಪ್ಟಿನವರು ಬೋಳಿಸಿ ಕಳಿಸ್ತಾರೆ. ಹೋಗಿ ಬಂದವರಿಗಿಂತ ಹೋಗದೇ ಇರುವವರೇ ಇದನ್ನು ಗಟ್ಟಿ ದನಿಯಲ್ಲಿ ಹೇಳುತ್ತಾರೆ ಅನ್ನೋದು ಬೇರೆ ಮಾತು. ಪ್ಲಾನ್ ಮಾಡಿಕೊಡಿ ಅಂತ ಬರುವ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ವೀಸಾ, ವಿಮಾನದ ದರ ಬೇರೆ ಕಡೆ ಸಿಗುತ್ತದೆ. ಇಲ್ಲಿ ಜನರ ವಿಷಯ ಮಾತ್ರ.

ಪ್ಯಾರಿಸ್‌ನವರು ಟೂರಿಸ್ಟುಗಳ ಮೇಲೆ ಸಿಡುಕ್ತಾರಂತೆ, ನಿಜಾನಾ?

ಅರ್ಧ ನಿಜ. ಆ ಅರ್ಧದಲ್ಲೂ ಬಹುಪಾಲು ಜಗಳ ಹುಟ್ಟುವುದು ಒಂದೇ ಕಡೆ: ನಾವು "ಬೋಂಜೂರ್", ಅಂದರೆ ಅವರ ನಮಸ್ಕಾರ, ಅನ್ನದೇ ಮಾತು ಶುರು ಮಾಡುವುದರಿಂದ.

ಬೇಕರಿಯೊಂದನ್ನು ನೆನೆಸಿಕೊಳ್ಳಿ. ಬೆಳಗ್ಗೆ ಒಂಬತ್ತು ಗಂಟೆ, ಐದಾರು ಜನರ ಸಾಲು. ನಿಮ್ಮ ಸರದಿ ಬಂತು. ಗಾಜಿನ ಒಳಗೆ ಇರುವುದನ್ನು ಬೆರಳಲ್ಲಿ ತೋರಿಸಿ "ಟೂ ಕ್ರೊಸಾಂಟ್" ಅಂದಿರಿ. ಕೌಂಟರಿನ ಹೆಂಗಸು ಚೀಲಕ್ಕೆ ಕೈ ಹಾಕುವುದಿಲ್ಲ. ನಿಮ್ಮ ಮುಖ ನೋಡಿ "ಬೋಂಜೂರ್" ಅನ್ನುತ್ತಾಳೆ. ಕೇಳಿಸಲಿಲ್ಲವೇನೋ ಅಂತ ನೀವು ಇನ್ನೂ ಜೋರಾಗಿ "ಟೂ ಕ್ರೊಸಾಂಟ್" ಅನ್ನುತ್ತೀರಿ. ಆಕೆ ಮತ್ತೆ "ಬೋಂಜೂರ್", ಈ ಸಲ ಸ್ವಲ್ಪ ಗಡುಸಾಗಿ. ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ. ಹೊರಗೆ ಬಂದ ಮೇಲೆ ನೀವು ಮನೆಯವರ ಹತ್ತಿರ ಹೇಳುವುದು, "ಎಷ್ಟು ಕೊಬ್ಬು ನೋಡಿ ಇವರಿಗೆ". ಆಕೆ ಪಕ್ಕದವಳಿಗೆ ಹೇಳುವುದೂ ಹೆಚ್ಚೂಕಡಿಮೆ ಅದನ್ನೇ.

ಅಲ್ಲಿ ಅಂಗಡಿಗೆ ಕಾಲಿಟ್ಟರೆ ಮೊದಲು ನಮಸ್ಕಾರ, ಆಮೇಲೆ ವ್ಯವಹಾರ. ಬಸ್ ಡ್ರೈವರ್‌ಗೂ ಅಷ್ಟೇ, ಲಿಫ್ಟಿನಲ್ಲಿ ಸಿಗುವವರಿಗೂ ಅಷ್ಟೇ. ನೀಸ್ ನಗರದ ಒಂದು ಕೆಫೆ 2013ರಲ್ಲಿ ಇದನ್ನು ತಮಾಷೆಯಾಗಿ ಬೋರ್ಡಿನಲ್ಲೇ ಬರೆದು ಹಾಕಿ ಸುದ್ದಿಯಾಯಿತು. "ಒಂದು ಕಾಫಿ" ಅಂದರೆ 7 ಯೂರೋ. "ಒಂದು ಕಾಫಿ, ದಯವಿಟ್ಟು" ಅಂದರೆ 4.25. "ಬೋಂಜೂರ್, ಒಂದು ಕಾಫಿ, ದಯವಿಟ್ಟು" ಅಂದರೆ 1.40.

ಇನ್ನರ್ಧ ಅವರದ್ದೇ ತಪ್ಪು, ಅವರೂ ಒಪ್ಪಿಕೊಂಡಿದ್ದಾರೆ. ಅದೇ 2013ರಲ್ಲಿ ಪ್ಯಾರಿಸ್‌ನ ವಾಣಿಜ್ಯ ಮಂಡಳಿ ಮತ್ತು ಪ್ರವಾಸೋದ್ಯಮದವರು ಸೇರಿ ವೇಟರ್‌ಗಳಿಗೆ, ಟ್ಯಾಕ್ಸಿಯವರಿಗೆ, ಅಂಗಡಿಯವರಿಗೆ ಒಂದು ಕೈಪಿಡಿ ಹಂಚಿದರು. ಯಾವ ದೇಶದವರ ಜತೆ ಹೇಗೆ ಮಾತಾಡಬೇಕು, ಅವರಿಗೆ ಏನು ಇಷ್ಟ ಅಂತೆಲ್ಲ ಅದರಲ್ಲಿತ್ತು. ಊರಿನ ಹೆಸರು ಕೆಟ್ಟಿದೆ ಅಂತ ಗೊತ್ತಿಲ್ಲದವರು ಇಂಥ ಪುಸ್ತಕ ಅಚ್ಚು ಹಾಕಿಸುವುದಿಲ್ಲ.

ಇನ್ನೊಂದು ದೂರು, ವೇಟರ್ ನಮ್ಮ ಕಡೆ ತಿರುಗಿಯೂ ನೋಡಲ್ಲ ಅನ್ನುವುದು. ಬಿಲ್ ನೀವಾಗಿ ಕೇಳುವವರೆಗೆ ತರುವುದಿಲ್ಲ. ಅಲ್ಲಿ ಕೇಳದೇ ಬಿಲ್ ಇಟ್ಟರೆ ಎದ್ದು ಹೋಗಿ ಅಂದ ಹಾಗೆ. ನಮ್ಮ ದರ್ಶಿನಿಯಲ್ಲಿ ತಿಂದು ಮುಗಿಸುವುದರೊಳಗೆ ಇನ್ನೊಬ್ಬರು ನಮ್ಮ ಜಾಗಕ್ಕೆ ತಟ್ಟೆ ಹಿಡಿದು ನಿಂತಿರುತ್ತಾರೆ, ಹಾಗಾಗಿ ನಮಗೆ ಇದು ಅಸಡ್ಡೆ ಅನಿಸುತ್ತದೆ. ನೀರಿನ ಬಾಟಲಿಗೆ ದುಡ್ಡು ಕೀಳ್ತಾರೆ ಅನ್ನುವವರಿಗೆ: ಊಟದ ಜತೆ ನಲ್ಲಿ ನೀರು ಪುಕ್ಕಟೆ ಕೊಡಬೇಕು ಅಂತ ಅಲ್ಲಿ ಕಾನೂನೇ ಇದೆ. "ಕರಾಫ್ ದೋ" ಅಂತ ಕೇಳಿ.

ನಂಗೆ ಫ್ರೆಂಚ್ ಬರಲ್ಲ. ಇಂಗ್ಲಿಷಲ್ಲಿ ಮಾತಾಡಿದ್ರೆ ಉತ್ತರಾನೇ ಕೊಡಲ್ವಂತೆ?

ಕೊಡುತ್ತಾರೆ. ಒಂದು ಬೋಂಜೂರ್, ಒಂದು ಮೆರ್ಸಿ (ಥ್ಯಾಂಕ್ಸ್), ನಡುವೆ ಎಷ್ಟು ಬೇಕಾದರೂ ಇಂಗ್ಲಿಷ್.

ಪ್ಯಾರಿಸ್ ನೋಡಿ ಹುಚ್ಚು ಹಿಡಿದವರೂ ಇದ್ದಾರಂತೆ?

ಜಪಾನೀ ಪ್ರವಾಸಿಗಳ ಕಥೆ ಅದು. ಪ್ಯಾರಿಸ್‌ನಲ್ಲೇ ಇದ್ದ ಹಿರೋಆಕಿ ಓಟ ಎಂಬ ಜಪಾನೀ ಮನೋವೈದ್ಯರು 1980ರ ದಶಕದಲ್ಲಿ ಇದನ್ನು ಗುರುತಿಸಿದರು, "ಪ್ಯಾರಿಸ್ ಸಿಂಡ್ರೋಮ್" ಅಂತ ಹೆಸರಾಯಿತು. ಪತ್ರಿಕೆಗಳಲ್ಲಿ, ಸಿನಿಮಾಗಳಲ್ಲಿ ಕಂಡ ಊರು ಬೇರೆ, ಇಳಿದ ಊರು ಬೇರೆ. ಕೊಳಕು ಮೆಟ್ರೊ, ಗದರುವ ವೇಟರ್, ಜೇಬುಗಳ್ಳರು. ಕೆಲವರಿಗೆ ಅದು ತಡೆಯಲಾಗದೇ ಎದೆ ಹೊಡೆದುಕೊಂಡು, ತಲೆ ಸುತ್ತಿ, ಭ್ರಮೆಯಾದ ಹಾಗಾಗಿದೆ. ತೀರಾ ಅಪರೂಪ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆಳೆದವರಿಗೆ ಇದರ ಭಯ ಬೇಡ.

ಜಪಾನಿನವರು ನಿಜಕ್ಕೂ ಅಷ್ಟು ಒಳ್ಳೆಯವರಾ?

ಮರ್ಯಾದೆಯ ವಿಷಯದಲ್ಲಿ ಹೌದು. ದಾರಿ ಕೇಳಿದರೆ ಕೆಲವರು ಅಲ್ಲಿಯವರೆಗೆ ಬಂದೇ ಬಿಟ್ಟು ಹೋಗುತ್ತಾರೆ. ಟಿಪ್ಸ್ ಅಂತ ಟೇಬಲ್ ಮೇಲೆ ದುಡ್ಡು ಬಿಟ್ಟರೆ, ಮರೆತು ಹೋದಿರಿ ಅಂತ ಹಿಂದೆ ಓಡಿ ಬಂದು ಕೊಡುತ್ತಾರೆ. ಅಂಗಡಿಯಲ್ಲಿ ಚಿಲ್ಲರೆಯನ್ನೂ ಎರಡು ಕೈಯಲ್ಲಿ ಕೊಡುತ್ತಾರೆ.

ಆದರೆ ಮರ್ಯಾದೆ ಬೇರೆ, ನಿಮ್ಮನ್ನು ಕಂಡು ಖುಷಿಪಡುವುದು ಬೇರೆ. ಇದನ್ನು ಕ್ಯೋಟೊದವರನ್ನು ಕೇಳಬೇಕು. 2024ರಲ್ಲಿ ಜಪಾನಿಗೆ ಸುಮಾರು 3.69 ಕೋಟಿ ವಿದೇಶಿಯರು ಬಂದರು. ಅದರಲ್ಲಿ ಎಲ್ಲರಿಗೂ ಬೇಕಾಗಿದ್ದು ಅದೇ ನಾಲ್ಕು ಜಾಗ, ಅದೇ ನಾಲ್ಕು ಫೋಟೊ. ಕ್ಯೋಟೊದ ಗಿಯೋನ್ ಬೀದಿಯಲ್ಲಿ ಕೆಲಸಕ್ಕೆ ಹೊರಟ ಮೈಕೊ (ಹಾಡು, ನೃತ್ಯ ಕಲಿಯುತ್ತಿರುವ ಕಿರಿಯ ಗೇಶಾ) ಹುಡುಗಿಯರನ್ನು ಮೊಬೈಲ್ ಹಿಡಿದು ಅಟ್ಟಿಸಿಕೊಂಡು ಹೋಗುವುದು, ಕಿಮೋನೊ ಎಳೆಯುವುದು ನಡೆದಿತ್ತು. ಬೋರ್ಡ್ ಹಾಕಿದರು, ಜನ ಕ್ಯಾರೇ ಅನ್ನಲಿಲ್ಲ. ಕೊನೆಗೆ ಅದೇ ವರ್ಷ ಅಲ್ಲಿನ ಖಾಸಗಿ ಓಣಿಗಳಿಗೆ ಟೂರಿಸ್ಟುಗಳು ಕಾಲಿಡುವ ಹಾಗಿಲ್ಲ, ಇಟ್ಟರೆ 10,000 ಯೆನ್ ದಂಡ ಅಂತ ಮಾಡಿದರು. ಫೂಜಿ ಬೆಟ್ಟದ ಕೆಳಗಿನ ಫೂಜಿಕವಾಗುಚಿಕೊ ಊರಿನದ್ದೂ ಇದೇ ಕಥೆ. ಒಂದು ಅಂಗಡಿಯ ಮಾಳಿಗೆ ಮೇಲೆ ಬೆಟ್ಟ ಕೂತ ಹಾಗೆ ಫೋಟೊ ಬರುತ್ತದೆ ಅಂತ ಜನ ರಸ್ತೆಗೆ ನುಗ್ಗಿದರು, ಪಕ್ಕದ ದಂತವೈದ್ಯರ ಜಾಗದಲ್ಲಿ ಗಾಡಿ ನಿಲ್ಲಿಸಿದರು. ಊರಿನವರು 2024ರ ಮೇ ತಿಂಗಳಲ್ಲಿ ಎರಡೂವರೆ ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿ ಬೆಟ್ಟವನ್ನೇ ಮುಚ್ಚಿದರು. ಆಗಸ್ಟಿನಲ್ಲಿ ತೆಗೆದರು. ಯಾರೂ ಕಿರುಚಲಿಲ್ಲ, ಬೈಯಲಿಲ್ಲ. ಜಪಾನಿನವರು ಸಿಟ್ಟಾದರೆ ಹೀಗಿರುತ್ತದೆ.

ನಮ್ಮವರು ಅಲ್ಲಿ ಎಡವುವುದು ರೈಲಿನಲ್ಲಿ. ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಮಲ್ಲೇಶ್ವರದಲ್ಲಿರುವ ಅತ್ತೆಗೆ ವಿಡಿಯೊ ಕಾಲ್ ಮಾಡಿ, ಸ್ಪೀಕರ್ ಹಾಕಿ, "ನೋಡಿ ಬುಲೆಟ್ ಟ್ರೇನು" ಅಂತ ತೋರಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಅಂದುಕೊಳ್ಳುವುದು ಮಾತ್ರ ಬೇಕಾದಷ್ಟಿರುತ್ತದೆ.

ನಾವು ಶುದ್ಧ ಸಸ್ಯಾಹಾರಿ. ಜಪಾನಿನಲ್ಲಿ ಹೇಳಿದ್ರೂ ಮೀನು ಹಾಕಿಬಿಡ್ತಾರಂತೆ, ಬೇಕಂತಲೇ ಮಾಡ್ತಾರಾ?

ಛೆ, ಇಲ್ಲ. ಅವರ ಅಡುಗೆಯ ಬುನಾದಿಯೇ ದಾಶಿ ಎಂಬ ಸಾರು, ಅದರಲ್ಲಿ ಸಾಮಾನ್ಯವಾಗಿ ಒಣಮೀನಿನ ಚೂರು ಇರುತ್ತದೆ. ತರಕಾರಿ ಸೂಪ್ ಅಂದರೂ ಅದೇ ಸಾರು. ತಟ್ಟೆಯಲ್ಲಿ ಮೀನಿನ ತುಂಡು ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ತರಕಾರಿ ಊಟ. ಹಾಗಾಗಿ "ವೆಜ್" ಅನ್ನುವ ಬದಲು ಮಾಂಸ, ಮೀನು, ದಾಶಿ ಮೂರೂ ಬೇಡ ಅಂತ ಜಪಾನೀಸ್‌ನಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಬೌದ್ಧ ದೇವಾಲಯಗಳ ಶೋಜಿನ್ ರ್ಯೋರಿ ಊಟಕ್ಕೆ ಮೀನು ಮಾಂಸ ಸೋಕುವುದಿಲ್ಲ. ಕೋಯಸಾನ್ ಬೆಟ್ಟದ ದೇವಾಲಯಗಳಲ್ಲಿ ಉಳಿದುಕೊಂಡರೆ ಅದೇ ಊಟ ಸಿಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಸಂಪ್ರದಾಯದಂತೆ ಹಾಕುವುದಿಲ್ಲ, ನಮ್ಮ ಮಡಿಯ ಅಜ್ಜಿಯರಿಗೂ ಒಪ್ಪಿಗೆಯಾಗುವ ಊಟ.

ಸ್ವಿಟ್ಜರ್ಲೆಂಡಿನಲ್ಲಿ ಇಂಡಿಯನ್ಸ್ ಕಂಡ್ರೆ ಆಗಲ್ಲ ಅಂತಾರಲ್ಲ?

ಈ ಮಾತಿಗೆ ದೊಡ್ಡ ಕಾರಣ 2019ರ ಒಂದು ನೋಟಿಸು. ಗ್ಸ್ಟಾಡ್ ಊರಿನ ಹೋಟೆಲೊಂದು ಭಾರತದ ಅತಿಥಿಗಳಿಗೆ ಅಂತಲೇ ಬರೆದು ಗೋಡೆಗೆ ಅಂಟಿಸಿತ್ತು: ಬೆಳಗಿನ ತಿಂಡಿಯ ಬಫೆಯಿಂದ ಮಧ್ಯಾಹ್ನಕ್ಕೆ ಕಟ್ಟಿಕೊಂಡು ಹೋಗಬೇಡಿ, ಕಾರಿಡಾರಿನಲ್ಲಿ ಜೋರಾಗಿ ಮಾತಾಡಬೇಡಿ, ಹೀಗೆ. ಆ ಫೋಟೊ ಹರಿದಾಡಿ ಭಾರಿ ಗಲಾಟೆಯಾಯಿತು.

ನನ್ನ ಅಭಿಪ್ರಾಯ: ನೋಟಿಸಿನ ಮೇಲೆ ಒಂದು ದೇಶದ ಹೆಸರು ಬರೆದದ್ದು ತಪ್ಪು. ಒಳಗೆ ಬರೆದದ್ದು ಸುಳ್ಳಲ್ಲ. ಎರಡು ಬ್ರೆಡ್, ಎರಡು ಬಾಳೆಹಣ್ಣು ಟಿಶ್ಯೂನಲ್ಲಿ ಸುತ್ತಿ ಬ್ಯಾಗಿಗೆ ಸೇರಿಸುವವರನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಅವರನ್ನು ಬೈಯುವುದೂ ಕಷ್ಟ. ಬೆಟ್ಟದ ಮೇಲೆ ಊಟದ ರೇಟು ನೋಡಿದರೆ ಎಂಥವರಿಗೂ ಹಾಗೇ ಅನಿಸುತ್ತದೆ.

ಭಾರತದವರೇ ಬೇಡ ಅನ್ನುವ ದೇಶ ಇಂಟರ್‌ಲಾಕನ್‌ನಲ್ಲಿ ಹಿಂದಿ ಸಿನಿಮಾ ನಿರ್ದೇಶಕ ಯಶ್ ಚೋಪ್ರಾ ಪ್ರತಿಮೆ ನಿಲ್ಲಿಸುತ್ತಿರಲಿಲ್ಲ. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ನಲ್ಲಿ ಹಿಮದ ನಡುವೆ ಭಾರತೀಯ ಊಟ ಬಡಿಸುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಗಲಾಟೆ ಇಲ್ಲದಿರುವುದು ಮಾತ್ರ. ರಾತ್ರಿ ಹತ್ತಾದ ಮೇಲೆ ಸದ್ದು ಮಾಡಿದರೆ ಪಕ್ಕದ ಮನೆಯ ಸ್ವಿಸ್ಸಿನವನಿಗೂ ಬೈಗುಳವೇ.

ಬಾರ್ಸಿಲೋನಾದಲ್ಲಿ ಟೂರಿಸ್ಟುಗಳ ಮೇಲೆ ನೀರು ಎರಚಿದ್ರಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ಲಾ?

ಬೇಡ. ಅದು 2024ರ ಜುಲೈನ ಒಂದು ಪ್ರತಿಭಟನೆ. ಮೆರವಣಿಗೆಯಲ್ಲಿ ಕೆಲವರು ಮಕ್ಕಳ ಆಟದ ವಾಟರ್ ಗನ್ನಿನಿಂದ ಹೋಟೆಲ್ ಮುಂದೆ ಕೂತವರ ಮೇಲೆ ನೀರು ಚಿಮ್ಮಿಸಿದರು. ಮುಂದಿನ ವರ್ಷವೂ ಅಂಥದ್ದೇ ನಡೆಯಿತು.

ಅವರ ಸಿಟ್ಟು ನಿಮ್ಮ ಮೇಲಲ್ಲ, ಬಾಡಿಗೆ ಮೇಲೆ. ಹತ್ತು ವರ್ಷದಲ್ಲಿ ಬಾಡಿಗೆ ಶೇ. 68 ಏರಿದೆ ಅಂತ ಮೇಯರ್ ಜಾವ್ಮೆ ಕೊಲ್ಬೋನಿಯವರೇ ಹೇಳಿದ್ದರು. ಸಂಸಾರ ಇದ್ದ ಮನೆಗಳು ಟೂರಿಸ್ಟುಗಳಿಗೆ ದಿನಬಾಡಿಗೆಗೆ ಹೋಗುತ್ತಿವೆ. ಅಂಥ ಸುಮಾರು ಹತ್ತು ಸಾವಿರ ಫ್ಲ್ಯಾಟುಗಳ ಲೈಸೆನ್ಸನ್ನು 2028ರೊಳಗೆ ನಿಲ್ಲಿಸುವುದಾಗಿ ಘೋಷಿಸಿದ್ದಾರೆ. ಓನರ್ ಫೋನ್ ಮಾಡಿ "ಮುಂದಿನ ತಿಂಗಳಿಂದ ಐದು ಸಾವಿರ ಜಾಸ್ತಿ" ಅಂದಾಗ ಆಗುವ ಸಂಕಟ ಬೆಂಗಳೂರಿನವರಿಗೆ ಹೇಳಿಕೊಡಬೇಕಾ? ಹೋಗಿ, ಆದರೆ ಸಂಸಾರಸ್ಥರ ಅಪಾರ್ಟ್‌ಮೆಂಟಿನ ನಡುವಿನ ಫ್ಲ್ಯಾಟ್ ಬಿಟ್ಟು ಹೋಟೆಲಿನಲ್ಲಿ ಉಳಿದುಕೊಳ್ಳಿ.

ವೆನಿಸ್ ಕೂಡ ಹೀಗೇ ಬಳಲಿದ ಊರು. ಹಳೇ ದ್ವೀಪದಲ್ಲಿ ಈಗ 50,000ಕ್ಕಿಂತ ಕಡಿಮೆ ಜನ ವಾಸವಿದ್ದಾರೆ. 2024ರಿಂದ, ಜನಜಂಗುಳಿ ಇರುವ ಕೆಲವು ದಿನಗಳಲ್ಲಿ ರಾತ್ರಿ ಉಳಿಯದೇ ಸುಮ್ನೆ ನೋಡಿ ಹೋಗುವವರಿಗೆ 5 ಯೂರೋ ಶುಲ್ಕ ಶುರು ಮಾಡಿದರು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಅಂತೂ ಎಂಟುನೂರು ಜನರೂ ಇಲ್ಲದ ಹಳ್ಳಿ, ಸೀಸನ್ನಿನಲ್ಲಿ ದಿನಕ್ಕೆ ಹತ್ತು ಸಾವಿರದವರೆಗೆ ಬರುತ್ತಾರೆ. 2023ರಲ್ಲಿ ಸೆಲ್ಫಿ ಜಾಗಕ್ಕೆ ಮರದ ಬೇಲಿ ಹಾಕಿ, ಬೈಗುಳ ಬಂದ ಮೇಲೆ ತೆಗೆದರು.

ಥಾಯ್ಲೆಂಡಿನವರು ಸದಾ ನಗ್ತಾರೆ. ನಂಬಬಹುದಾ?

ನಗುವನ್ನು ನಂಬಿ. ಅರಮನೆಯ ಗೇಟಿನ ಹತ್ತಿರ ತಾನಾಗಿ ಮಾತಾಡಿಸುವವನನ್ನು ನಂಬಬೇಡಿ.

ಬ್ಯಾಂಕಾಕಿನ ಗ್ರ್ಯಾಂಡ್ ಪ್ಯಾಲೇಸ್ ಮುಂದೆ ಒಬ್ಬ ಇಸ್ತ್ರಿ ಅಂಗಿಯವನು ಸಿಗುತ್ತಾನೆ. "ಇವತ್ತು ಅರಮನೆ ಕ್ಲೋಸು, ಪೂಜೆ ಇದೆ" ಅಂತಾನೆ. ಪಾಪ, ಒಳ್ಳೆಯವನು ಅನಿಸುತ್ತದೆ. ಅಷ್ಟರಲ್ಲಿ ಒಂದು ಟುಕ್‌ಟುಕ್ (ಅಲ್ಲಿನ ಆಟೊ) ಬಂದು ನಿಲ್ಲುತ್ತದೆ, ಮೂರು ದೇವಸ್ಥಾನ ತೋರಿಸೋಕೆ ನಂಬಲಾಗದಷ್ಟು ಕಡಿಮೆ ರೇಟು. ಎರಡನೇ ದೇವಸ್ಥಾನದ ನಂತರ ಗಾಡಿ ನಿಲ್ಲುವುದು ಹರಳಿನ ಅಂಗಡಿ ಮುಂದೆ. ಅರಮನೆ ಸಾಮಾನ್ಯವಾಗಿ ದಿನಾ ಬೆಳಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ ತೆರೆದಿರುತ್ತದೆ. ಅನುಮಾನ ಬಂದರೆ ಗೇಟಿನವರೆಗೆ ನಡೆದು ಹೋಗಿ ನೋಡಿ.

ಇಸ್ತಾಂಬುಲ್‌ನಲ್ಲಿ ಶೂ ಪಾಲಿಶ್ ಮಾಡುವವನು ನಿಮ್ಮ ಮುಂದೆ ಬ್ರಷ್ ಬೀಳಿಸಿಕೊಂಡು ಹೋಗುತ್ತಾನೆ. ಎತ್ತಿಕೊಟ್ಟರೆ ಉಪಕಾರ ತೀರಿಸೋಕೆ ಅಂತ ಪಾಲಿಶ್ ಮಾಡುತ್ತಾನೆ, ಆಮೇಲೆ ದುಡ್ಡು ಕೇಳುತ್ತಾನೆ. ಗೀಜಾ ಪಿರಮಿಡ್ ಹತ್ತಿರ ಒಂಟೆ ಹತ್ತೋಕೆ ಒಂದು ರೇಟು, ಇಳಿಯೋಕೆ ಇನ್ನೊಂದು ರೇಟು. ಇವರೆಲ್ಲ ಸೇರಿ ಎಷ್ಟು ಜನ? ಒಂದು ಚೌಕ, ಒಂದು ಗೇಟು, ಒಂದು ಸ್ಟ್ಯಾಂಡು. ಪಕ್ಕದ ಬೀದಿಗೆ ಹೋದರೆ ಇಸ್ತಾಂಬುಲ್ ಅಂಗಡಿಯವನು ಏನೂ ಕೊಳ್ಳದಿದ್ದರೂ ಚಹಾ ಕುಡಿಸಿ ಕಳಿಸುತ್ತಾನೆ. ಕೈರೋದಲ್ಲಿ ನೀವು ಇಂಡಿಯಾದವರು ಅಂತ ಗೊತ್ತಾದರೆ "ಅಮಿತಾಭ್ ಬಚ್ಚನ್!" ಅಂತ ಕೂಗುತ್ತಾರೆ. ನೀವು ರಾಜ್‌ಕುಮಾರ್ ಅಭಿಮಾನಿ ಅಂತ ವಿವರಿಸಲು ಹೋಗಬೇಡಿ, ಸುಮ್ನೆ ನಕ್ಕು ಕೈ ಕುಲುಕಿ.

ವಿದೇಶಿಯರಿಗೆ ಒಂದು ರೇಟು, ಅವರ ದೇಶದವರಿಗೆ ಒಂದು ರೇಟು. ಇದು ಅನ್ಯಾಯ ಅಲ್ವಾ?

ಗ್ರ್ಯಾಂಡ್ ಪ್ಯಾಲೇಸ್ ಥಾಯ್ ಪ್ರಜೆಗಳಿಗೆ ಪುಕ್ಕಟೆ, ನಮಗೆ 500 ಬಾತ್. ಹೊಟ್ಟೆ ಉರಿಯುತ್ತದೆ, ನಿಜ. ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ನಮಗೆ 40 ರೂಪಾಯಿ, ವಿದೇಶಿಯರಿಗೆ 600. ಮುಂದಿನ ಪ್ರಶ್ನೆ.

ಬಾಲಿಯವರೂ ಹಿಂದೂಗಳೇ. ನಮಗೆ ವಿಶೇಷ ಮರ್ಯಾದೆ ಸಿಗುತ್ತಾ?

ಪ್ರೀತಿ ಸಿಗುತ್ತದೆ, ರಾಮಾಯಣದ ಬಗ್ಗೆ ಮಾತಿಗೆ ಮಾತು ಬೆಳೆಯುತ್ತದೆ. ಆದರೆ ಅವರ ಪದ್ಧತಿ ಅವರದ್ದು. ದೇವಸ್ಥಾನಕ್ಕೆ ಪಂಚೆಯಂಥ ಸರೋಂಗ್ ಸುತ್ತಿಕೊಂಡೇ ಹೋಗಬೇಕು. ಒಳಗಿನ ಪ್ರಾಂಗಣ ಪೂಜೆಗೆ ಬಂದವರಿಗೆ ಮಾತ್ರ. "ನಾವೂ ಹಿಂದೂಗಳೇ" ಅಂತ ಹಗ್ಗ ದಾಟಿ ಒಳಗೆ ಹೋಗೋಕೆ ನೋಡುವುದು ಬೇಡ. ಜನವರಿಯಲ್ಲಿ ಹೋದರೂ ಜುಲೈನಲ್ಲಿ ಹೋದರೂ ತೊಂದರೆ ಇಲ್ಲ, ಯುಗಾದಿಯ ಆಸುಪಾಸಿನಲ್ಲಿ ಹೋಗುವವರು ಮಾತ್ರ ನ್ಯೇಪಿ ದಿನ ಯಾವತ್ತು ಅಂತ ನೋಡಿಕೊಳ್ಳಿ. ಅವತ್ತು ಇಡೀ ದ್ವೀಪ ಮೌನ. ದೀಪ ಹಚ್ಚುವುದಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಬಂದ್. ಟೂರಿಸ್ಟುಗಳೂ ಹೋಟೆಲ್ ಬಿಟ್ಟು ಹೊರಗೆ ಬರುವ ಹಾಗಿಲ್ಲ.

ಬಾಲಿಯವರು ಸಾಧು ಜನ, ಏನು ಮಾಡಿದರೂ ನಡೆಯುತ್ತದೆ ಅಂದುಕೊಂಡವರಿಗೆ ಈಚೆಗೆ ಬಿಸಿ ಮುಟ್ಟಿದೆ. 2022ರಲ್ಲಿ ಪವಿತ್ರ ಮರದ ಹತ್ತಿರ ಬೆತ್ತಲೆ ಫೋಟೊ ತೆಗೆದುಕೊಂಡ ವಿದೇಶಿ ದಂಪತಿಯನ್ನು ಗಡೀಪಾರು ಮಾಡಿದರು. 2024ರಿಂದ ಪ್ರತಿ ವಿದೇಶಿಗೆ 1,50,000 ರುಪಿಯಾ ಶುಲ್ಕವೂ ಇದೆ. ಸೊನ್ನೆ ನೋಡಿ ಗಾಬರಿಯಾಗಬೇಡಿ, ಸಾವಿರ ರೂಪಾಯಿಯೊಳಗೇ ಮುಗಿಯುತ್ತದೆ.

ಮೈಬಣ್ಣ ನೋಡಿ ಬೇರೆ ಥರ ನಡೆಸ್ಕೋತಾರಾ?

ಕೆಲವು ಕಡೆ, ಹೌದು. ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಅದು ಬರೀ ಸಿಡುಕೋ, ಭೇದಭಾವವೋ ಅಂತ ತಿಳಿಯುವುದು ಹೇಗೆ ಅಂದರೆ, ಪಕ್ಕದ ಗಿರಾಕಿಯನ್ನು ನೋಡಿ. ಅವನಿಗೂ ಅದೇ ಗಂಟು ಮುಖ ಸಿಕ್ಕಿದರೆ ಅದು ಆ ಅಂಗಡಿಯ ಸ್ವಭಾವ. ಅವನಿಗೆ ನಗು, ನಿಮಗೆ ಮಾತ್ರ "ಟೇಬಲ್ ಖಾಲಿ ಇಲ್ಲ" ಅಂದರೆ ಅದು ಬೇರೆಯೇ. ಅಲ್ಲಿ ನಿಂತು ವಾದ ಮಾಡಿ ಸಂಜೆ ಕೆಡಿಸಿಕೊಳ್ಳುವುದಕ್ಕಿಂತ ಎದ್ದು ಬಂದು ಬರೆದು ದೂರು ಕೊಡುವುದು ಒಳ್ಳೆಯದು. ಜಪಾನಿನ ಒಟಾರು ಊರಿನ ಬಿಸಿನೀರ ಸ್ನಾನದ ಮನೆಯೊಂದು ಜಪಾನೀಯರಿಗೆ ಮಾತ್ರ ಅಂತ ಬೋರ್ಡ್ ಹಾಕಿ ವಿದೇಶಿ ಮೂಲದವರನ್ನು ವಾಪಸ್ ಕಳಿಸುತ್ತಿತ್ತು. ಮೂವರು ಕೋರ್ಟಿಗೆ ಹೋದರು. 2002ರಲ್ಲಿ ಸಪ್ಪೊರೊ ಕೋರ್ಟು ಒಬ್ಬೊಬ್ಬರಿಗೂ 10 ಲಕ್ಷ ಯೆನ್ ಪರಿಹಾರ ಕೊಡಿಸಿತು.

ನಾವೇನು ಕಮ್ಮಿ ಇಲ್ಲ. 2016ರಲ್ಲಿ ಹೆಸರಘಟ್ಟದ ಕಡೆ ಯಾರೋ ಮಾಡಿದ ಅಪಘಾತಕ್ಕೆ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈ ಮಾಡಿತು. ಬೆಂಗಳೂರಿನಲ್ಲಿ ಓದುವ ಆಫ್ರಿಕಾದ ಹುಡುಗರನ್ನು ಮನೆ ಬಾಡಿಗೆ ಬಗ್ಗೆ ಕೇಳಿ ನೋಡಿ, ಗಂಟೆಗಟ್ಟಲೆ ಹೇಳುತ್ತಾರೆ.

ಕಾಶ್ಮೀರಕ್ಕೆ ಹೋಗಬಹುದಾ? ಅಲ್ಲಿನ ಜನ ನಮ್ಮನ್ನ ಹೇಗೆ ನೋಡ್ತಾರೆ?

2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್‌ನಲ್ಲಿ 26 ಮಂದಿಯನ್ನು ಉಗ್ರರು ಕೊಂದರು. ಅದರಲ್ಲಿ ಕರ್ನಾಟಕದವರೂ ಇದ್ದರು. ಹಾಗಾಗಿ ಈ ಪ್ರಶ್ನೆಗೆ ಹಗುರವಾಗಿ ಉತ್ತರ ಕೊಡಲು ಆಗುವುದಿಲ್ಲ. ಸುರಕ್ಷತೆಯ ವಿಷಯಕ್ಕೆ ಆಯಾ ದಿನದ ಸರ್ಕಾರಿ ಸೂಚನೆ ನೋಡಿಯೇ ಹೊರಡಿ.

ಜನರ ವಿಷಯಕ್ಕೆ ಬಂದರೆ, ಆ ದಿನ ಸತ್ತವರಲ್ಲಿ ಪ್ರವಾಸಿಗಳನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿಯದೇ ಒಬ್ಬ ಯುವಕನೂ ಇದ್ದ. ಮರುದಿನ ಕಾಶ್ಮೀರ ಕಣಿವೆಯಲ್ಲಿ ಅಂಗಡಿ ಮುಚ್ಚಿ ಬಂದ್ ಮಾಡಿದರು. ಇನ್ನು ದಾಲ್ ಸರೋವರದಲ್ಲಿ ನೀವು ಕೂತ ಶಿಕಾರಾ ದೋಣಿಯ ಪಕ್ಕಕ್ಕೆ ತಮ್ಮ ದೋಣಿ ತಂದು ಕೇಸರಿ, ಶಾಲು, ಸರ ಅಂತ ಬೆನ್ನು ಬೀಳುವುದು ಇದ್ದದ್ದೇ. ಪಹಲ್ಗಾಮಿನಿಂದ ಅರು, ಚಂದನ್‌ವಾಡಿ ಕಡೆ ಹೋಗೋಕೆ ಶ್ರೀನಗರದಿಂದ ತಂದ ಟ್ಯಾಕ್ಸಿ ನಡೆಯುವುದಿಲ್ಲ, ಅಲ್ಲಿನ ಯೂನಿಯನ್ ಗಾಡಿಯೇ ಬೇಕು. ಇದನ್ನು ಮೋಸ ಅಂತ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ಚಳಿಗಾಲದಲ್ಲಿ ಕೆಲಸವೇ ಇಲ್ಲದ ಊರು, ಹಂಚಿಕೊಂಡು ತಿನ್ನುವ ಏರ್ಪಾಡು ಅದು. ನಿಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೂ ಸ್ಥಳೀಯರನ್ನು ಬೈಯಬೇಡಿ.

ಗೋವಾ ಟ್ಯಾಕ್ಸಿಯವರು ಬಾಯಿಗೆ ಬಂದ ರೇಟು ಕೇಳ್ತಾರಂತೆ?

ಆ ವಿಷಯದಲ್ಲಿ ಮಾತ್ರ ಜನ ಹೇಳುವುದೆಲ್ಲ ನಿಜ. ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಿ.

ಕೊಡಗು, ಚಿಕ್ಕಮಗಳೂರಿನವರು ಬೆಂಗಳೂರಿನವರನ್ನು ಕಂಡ್ರೆ ಮೂಗು ಮುರೀತಾರೆ ಯಾಕೆ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. ಫ್ರಾನ್ಸಿನವರ ಕೊಬ್ಬಿನ ಬಗ್ಗೆ ಮಾತಾಡುವ ನಾವು ಮಡಿಕೇರಿಯವರ ಕಣ್ಣಿಗೆ ಹೇಗೆ ಕಾಣುತ್ತೇವೆ ಅಂತ ಯೋಚಿಸುವುದಿಲ್ಲ.

ಲಾಂಗ್ ವೀಕೆಂಡಿನ ಶುಕ್ರವಾರ ರಾತ್ರಿ ಕೆಂಗೇರಿ ದಾಟಲು ಹರಸಾಹಸ. ಶನಿವಾರ ಬೆಳಗ್ಗೆ ಅಷ್ಟೂ ಕಾರುಗಳು ಮಡಿಕೇರಿಯ ಒಂದೇ ಸರ್ಕಲ್ಲಿನಲ್ಲಿ. ಊರಿನವರಿಗೆ ಆಸ್ಪತ್ರೆಗೆ ಹೋಗೋಕೂ ದಾರಿ ಇಲ್ಲ. ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗುವವರು ಮೇಲೆ ಮೋಡದ ಫೋಟೊ ತೆಗೆಯುತ್ತಾರೆ. ಕೆಳಗೆ ಹುಲ್ಲಿನಲ್ಲಿ ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ, ಒಡೆದ ಬಿಯರ್ ಬಾಟಲಿಯ ಚೂರು. ಆ ಚೂರು ಚುಚ್ಚುವುದು ಮೇಯೋಕೆ ಹೋದ ಹಸುವಿನ ಕಾಲಿಗೆ. ಹೋಮ್‌ಸ್ಟೇ ಅಂದರೆ ಒಂದು ಸಂಸಾರದ ಮನೆ. ಅಂಗಳದಲ್ಲಿ ರಾತ್ರಿ ಹನ್ನೆರಡರವರೆಗೆ ಬ್ಲೂಟೂತ್ ಸ್ಪೀಕರ್ ಹಾಕಿ ಕುಣಿದರೆ ಒಳಗೆ ಮಲಗಿರುವ ಅಜ್ಜಿ ಏನು ಮಾಡಬೇಕು? ತೋಟದ ಕಾಫಿ ಹಣ್ಣು ಕಿತ್ತು ಮಕ್ಕಳಿಗೆ ಆಟಕ್ಕೆ ಕೊಡುವವರಿದ್ದಾರೆ. ಅದು ಅವರ ವರ್ಷದ ಬೆಳೆ. ತಲಕಾವೇರಿಯಂತೂ ಅವರಿಗೆ ತಾಯಿಯ ಸ್ಥಾನ, ಅಲ್ಲಿ ಚಡ್ಡಿ ಹಾಕಿಕೊಂಡು ರೀಲ್ಸ್ ಮಾಡುವುದನ್ನು ನೋಡಿ ಯಾರು ಸುಮ್ಮನಿರುತ್ತಾರೆ?

ಹಾಗಾಗಿಯೇ ಕಟ್ಟುಪಾಡು ಬರುತ್ತಿವೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತ ಚಾರಣಕ್ಕೆ ಒಮ್ಮೆಲೇ ಸಾವಿರಾರು ಜನ ನುಗ್ಗಿದ ವಿಡಿಯೊ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆದು, ಆನ್‌ಲೈನ್ ಬುಕಿಂಗ್ ತಂದು, ದಾರಿಯೊಂದಕ್ಕೆ ದಿನಕ್ಕೆ ಹೆಚ್ಚೆಂದರೆ 300 ಜನ ಅಂತ ಮಿತಿ ಹಾಕಿತು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೂ 2025ರಿಂದ ಗಾಡಿಗೆ ಮೊದಲೇ ಬುಕಿಂಗ್ ಬೇಕು. ಊಟಿ, ಕೊಡೈಕನಾಲ್‌ಗೆ ಮದ್ರಾಸ್ ಹೈಕೋರ್ಟ್ 2024ರ ಮೇ ತಿಂಗಳಿಂದಲೇ ಇ-ಪಾಸ್ ಮಾಡಿಸಿದೆ. ಗಿಯೋನ್ ಓಣಿಗೆ ಹಾಕಿದ ಬೋರ್ಡಿಗೂ ಇದಕ್ಕೂ ಏನು ವ್ಯತ್ಯಾಸ?

ಅಂದ ಹಾಗೆ, ಇಷ್ಟೆಲ್ಲ ಆದರೂ ಹೋಮ್‌ಸ್ಟೇಯಲ್ಲಿ ಬೆಳಗ್ಗೆ ಕಡಬು ಕೇಳಿದರೆ ಎರಡು ಜಾಸ್ತಿಯೇ ಹಾಕುತ್ತಾರೆ. ಮೂಗು ಮುರಿದರೂ ಉಪಚಾರಕ್ಕೆ ಕಮ್ಮಿ ಮಾಡುವುದಿಲ್ಲ.

ಹೊರಗಿನಿಂದ ಬರುವ ಸ್ನೇಹಿತರು ಕೇಳ್ತಾರೆ: ಕನ್ನಡ ಬರದಿದ್ರೆ ಬೆಂಗಳೂರಿನಲ್ಲಿ ಬೈತಾರಂತೆ, ಆಟೊದವರು ಸುಲಿತಾರಂತೆ. ಏನು ಹೇಳಲಿ?

ಎರಡಕ್ಕೂ ಬೇರೆ ಬೇರೆ ಉತ್ತರ.

ಭಾಷೆಯ ಜಗಳದ ವಿಡಿಯೊಗಳು ವೈರಲ್ ಆಗುತ್ತವೆ. ಜಗಳವಾಗದ ದಿನಗಳ ವಿಡಿಯೊ ಯಾರೂ ಮಾಡುವುದಿಲ್ಲ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಒಬ್ಬನೇ ಸೇಲ್ಸ್‌ಮನ್ ಒಂದೇ ಗಂಟೆಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಉರ್ದು ಐದೂ ಮಾತಾಡುತ್ತಾನೆ. ನಮ್ಮವರಿಗೆ ಸಿಟ್ಟು ಬರುವುದು ಕನ್ನಡ ಬರಲ್ಲ ಅನ್ನುವುದಕ್ಕಲ್ಲ. ಹತ್ತು ವರ್ಷ ಇಲ್ಲೇ ಇದ್ದು "ಯಾಕೆ ಕಲಿಯಬೇಕು, ಹಿಂದಿಯಲ್ಲಿ ಮಾತಾಡು" ಅನ್ನುವ ಧಾಟಿಗೆ. ಮೂರು ದಿನಕ್ಕೆ ಬಂದ ಪ್ರವಾಸಿಯ ಮೇಲೆ ಯಾರಿಗೂ ಆ ಸಿಟ್ಟಿಲ್ಲ. "ನಮಸ್ಕಾರ, ಎಷ್ಟು?" ಎರಡು ಮಾತು ಕಲಿತು ಬರಲಿ, ಬೋಂಜೂರ್‌ಗಿಂತ ಸುಲಭ. ಕೆ.ಆರ್. ಮಾರ್ಕೆಟ್ಟಿಗೆ ಬೆಳಗ್ಗೆ ಆರಕ್ಕೆ ಕಳಿಸಿ. ಹೂವಿನವರು ಫೋಟೊಗೆ ನಿಲ್ಲುವುದಲ್ಲದೇ ಮುಡಿಯೋಕೆ ಒಂದು ತುಂಡು ಮಲ್ಲಿಗೆಯನ್ನೂ ಕೊಡುತ್ತಾರೆ.

ಆಟೊ ವಿಷಯ ಮುಚ್ಚಿಡುವಂಥದ್ದಲ್ಲ. 2025ರ ಆಗಸ್ಟ್ 1ರಿಂದ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆಪಟ್ಟು. ಈಗ ಮೆಜೆಸ್ಟಿಕ್‌ನಲ್ಲಿ ಬೆಳಗ್ಗೆ ಐದೂವರೆಗೆ ಊರಿನ ಬಸ್ಸಿನಿಂದ ಇಳಿಯಿರಿ. ಕಣ್ಣು ಇನ್ನೂ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ನಾಲ್ಕು ಜನ ಬ್ಯಾಗಿಗೆ ಕೈ ಹಾಕಿರುತ್ತಾರೆ. ರಾಜಾಜಿನಗರಕ್ಕೆ ಮುನ್ನೂರು. ಮೀಟರ್ ಅಂದರೆ ನೀವು ತಮಾಷೆ ಮಾಡಿದಿರಿ ಅನ್ನುವ ಹಾಗೆ ನೋಡುತ್ತಾರೆ. ಕನ್ನಡದಲ್ಲಿ ಕೇಳಿದರೂ ಅಷ್ಟೇ, ಶಿವಮೊಗ್ಗದವರಿಗೂ ಅಷ್ಟೇ, ಸ್ಪೇನಿನವರಿಗೂ ಅಷ್ಟೇ. ಅದರಲ್ಲಿ ಭೇದಭಾವ ಇಲ್ಲ. ಸ್ಟ್ಯಾಂಡು ಬಿಟ್ಟು ಇನ್ನೂರು ಹೆಜ್ಜೆ ನಡೆದು ಮುಂದೆ ಹೋದರೆ ಓಡುತ್ತಿರುವ ಆಟೊ ಸಿಗುತ್ತದೆ, ಅವನು "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್" ಅನ್ನುತ್ತಾನೆ. ಮೆಟ್ರೊ ಶುರುವಾಗಿದ್ದರೆ ಅದನ್ನೂ ಕೇಳಬೇಕಿಲ್ಲ. ಏರ್‌ಪೋರ್ಟಿನಿಂದ ಬರುವವರಿಗೆ ಬಿಎಂಟಿಸಿಯ ವಾಯು ವಜ್ರ ಬಸ್ಸು ಹೇಳಿ.

ದರ್ಶಿನಿಗೆ ಕರೆದೊಯ್ದರೆ ಒಂದು ಮಾತು ಮೊದಲೇ ಹೇಳಿಬಿಡಿ: ಮೊದಲು ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ, ಆಮೇಲೆ ಒಳಗಿನ ಕೌಂಟರಿಗೆ ಆ ಚೀಟಿ. ಇದು ಗೊತ್ತಿಲ್ಲದೇ ದೋಸೆ ಹುಯ್ಯುವವನ ಮುಂದೆ ನಿಂತು ಮೆನು ಕೇಳಿದರೆ "ಟೋಕನ್, ಟೋಕನ್" ಅಂತ ಕೂಗುತ್ತಾನೆ. ಅವರು ಊರಿಗೆ ಹೋಗಿ, ಬೆಂಗಳೂರಿನವರು ಸಿಡುಕರು ಅನ್ನುತ್ತಾರೆ.

ಟಿಪ್ಸ್ ಎಲ್ಲೆಲ್ಲಿ ಎಷ್ಟು ಕೊಡಬೇಕು? ಕೊಡದಿದ್ರೆ ಮುಖ ತಿರುಗಿಸ್ತಾರಂತೆ.

ಅಮೆರಿಕದಲ್ಲಿ ಟೇಬಲಿಗೆ ಬಡಿಸುವ ಹೋಟೆಲಿನಲ್ಲಿ ಶೇ. 18ರಿಂದ 20 ಕೊಡದಿದ್ದರೆ ನಿಜಕ್ಕೂ ಮುಖ ತಿರುಗಿಸುತ್ತಾರೆ. ಅಲ್ಲಿ ಬಡಿಸುವವರ ಸಂಬಳದ ದೊಡ್ಡ ಪಾಲೇ ಅದು, ಅದನ್ನು ಊಟದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿಕೊಳ್ಳಿ. ಫ್ರಾನ್ಸಿನಲ್ಲಿ ಸರ್ವಿಸ್ ಬೆಲೆಯಲ್ಲೇ ಸೇರಿರುತ್ತದೆ, ಚಿಲ್ಲರೆ ಬಿಟ್ಟರೆ ಸಾಕು. ಜಪಾನಿನಲ್ಲಿ ಕೊಡಲೇಬೇಡಿ. ಈಜಿಪ್ಟಿನಲ್ಲಿ ಬಕ್ಷೀಸಿಗೆ ಅಂತ ಸಣ್ಣ ನೋಟು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ, ಬಾಗಿಲು ತೆಗೆದವನಿಗೂ ಬೇಕಾಗುತ್ತದೆ.

ಗೂಗಲ್ ರಿವ್ಯೂ, ರೀಲ್ಸ್ ನೋಡಿ ಜನರ ಬಗ್ಗೆ ತೀರ್ಮಾನ ಮಾಡಬಹುದಾ?

ಚೆನ್ನಾಗಿ ಮಾತಾಡಿಸಿದರು ಅಂತ ರಿವ್ಯೂ ಬರೆಯುವವರು ಕಡಿಮೆ, ಅವಮಾನವಾಯಿತು ಅಂತ ಬರೆಯುವವರು ಜಾಸ್ತಿ. ಮೋಸದ ವಿಧಾನ ತಿಳಿಯಲು ನೋಡಿ, ಜನರ ಗುಣ ತಿಳಿಯಲು ಬೇಡ.

ನ್ಯೂಜಿಲೆಂಡ್, ಆಸ್ಟ್ರೇಲಿಯಾ ಏರ್‌ಪೋರ್ಟಿನಲ್ಲಿ ನಮ್ಮವರನ್ನೇ ಹಿಡಿದು ಬ್ಯಾಗ್ ತೆಗೆಸ್ತಾರಂತೆ?

ಬ್ಯಾಗಿನಲ್ಲಿ ತಿಂಡಿ ಇರುವವರನ್ನೆಲ್ಲ ಹಿಡಿಯುತ್ತಾರೆ. ನಮ್ಮ ಬ್ಯಾಗಿನಲ್ಲಿ ಇಲ್ಲದೇ ಇರುವುದಿಲ್ಲ, ಹಾಗಾಗಿ ನಮ್ಮವರೇ ಜಾಸ್ತಿ ಸಿಗುತ್ತಾರೆ. ಅವರಿಗೆ ಕ್ರಿಮಿ, ಕೀಟ, ಬೀಜದ ಭಯ. ಹೊರಗಿನ ಒಂದು ಹುಳ ಇಡೀ ಹಣ್ಣಿನ ತೋಟಗಳನ್ನು ಹಾಳು ಮಾಡಬಹುದು, ಕೃಷಿಯ ಮೇಲೆ ನಿಂತ ದೇಶಗಳು.

ಇಳಿಯುವ ಮೊದಲು ತುಂಬುವ ಫಾರ್ಮಿನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಟಿಕ್ ಮಾಡಿದರೆ ದಂಡ ಇಲ್ಲ, ನೋಡಿ ಬಿಡುತ್ತಾರೆ ಅಥವಾ ತೆಗೆದು ಬಿಸಾಡುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ ಅಲ್ಲಿನ 400 ಡಾಲರ್ ದಂಡ. ಮರೆತೆ ಅಂದರೂ ಬಿಡುವುದಿಲ್ಲ, ಬ್ಯಾಗಿನ ತಳದಲ್ಲಿ ಉಳಿದ ಒಂದು ಸೇಬಿಗೂ ಅಷ್ಟೇ. ಅಂಗಡಿಯಲ್ಲಿ ಸೀಲ್ ಮಾಡಿದ ಪುಡಿಗಳ ಪ್ಯಾಕೆಟ್ಟುಗಳನ್ನೆಲ್ಲ ಒಂದೇ ಕವರಿನಲ್ಲಿ ಮೇಲೆ ಇಟ್ಟುಕೊಳ್ಳಿ, ತೆಗೆದು ತೋರಿಸೋಕೆ ಸುಲಭ. ಹಾಲಿನ ಸ್ವೀಟು, ಜೇನುತುಪ್ಪ, ಹಸಿ ಹಣ್ಣು, ಹಸಿ ಕರಿಬೇವು ಬೇಡವೇ ಬೇಡ. ಆಕ್ಲೆಂಡಿನ ಇಂಡಿಯನ್ ಅಂಗಡಿಗಳಲ್ಲಿ ಕರಿಬೇವು ಸಿಗುತ್ತದೆ, ರೇಟು ಮಾತ್ರ ಕೇಳಬೇಡಿ.